ಮುಕುಂದನ ಡಬ್ಬಿಯೊಳಗಿನ ಸನಾದಿ

ಮುಕುಂದ ನಮ್ಮ ಆರ್ಕೆಸ್ಟ್ರಾದ ಗಿಟಾರಿನವ. ನಾನು ಗುರುಪಾದ, ಅವನ ಪಕ್ಕದಲ್ಲಿ ನಿಂತು ರಿದಮ್ ಪ್ಯಾಡ್ ಬಾರಿಸುವವ. ಅವನ ಬಾಯಲ್ಲಿ ‘ಒಲ್ಲೆ’ ಎಂಬ ಮಾತನ್ನು ನಾನು ಈವರೆಗೆ ಕೇಳಿಲ್ಲ. ಅವನ ಅಪ್ಪ ದತ್ತಾತ್ರೇಯ ಗಜೇಂದ್ರಗಡದಲ್ಲಿರುವ ತಮ್ಮ ಅಂಗಡಿಯಲ್ಲಿ ಹೊಲಿಗೆ ಮಶೀನಿನ ಮುಂದೆ ಕೂರಿಸಿದಾಗ ಹಗಲೆಲ್ಲ ಕೂತ. ನಮ್ಮ ಆರ್ಕೆಸ್ಟ್ರಾದಲ್ಲಿ ಸನಾದಿ ಊದುತ್ತಿದ್ದ ಹೊಳಿಯಪ್ಪ ಹಲ್ಲು ಬಿದ್ದು ಮನೆ ಹಿಡಿದಾಗ, ಮಾಲೀಕ ಮಹಾಲಿಂಗಪ್ಪನವರು, “ನಿನ್ನ ಡಬ್ಬಿಯೊಳಗ ಸನಾದಿನೂ ಐತೆಲ್ಲೋ, ಬ್ಯಾರೆ ಮನಷ್ಯಾ ಯಾಕ ಬೇಕು?” ಎಂದರು. ಅದಕ್ಕೂ “ಆತ್ರಿ” ಎಂದ. ಆಮೇಲೆ ವಯಲಿನ್ನಿನವ ಬಿಟ್ಟುಹೋದ. ಅದೂ ಡಬ್ಬಿಗೇ ಬಂತು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು. ನೋಡಿ ನೋಡಿ ನನಗೆ ಮೈ ಉರಿಯುತ್ತಿತ್ತು.

ಡಬ್ಬಿ ಎಂದರೆ ಗಿಟಾರಿನ ದನಿಯನ್ನು ಬೇಕಾದ ವಾದ್ಯದ ದನಿಯಾಗಿ ತಿರುಗಿಸುವ, ಕಾಲಲ್ಲಿ ಒತ್ತುವ ಪ್ರೊಸೆಸರ್. ಹಾಡಿಗೆ ಬೇಕಾದ ಎಫೆಕ್ಟುಗಳನ್ನು ಜೋಡಿಸಿಟ್ಟರೆ ಅದೊಂದು ಪ್ರಿಸೆಟ್. ಒಂದು ಪ್ರಿಸೆಟ್ ಬಿಟ್ಟು ಇನ್ನೊಂದಕ್ಕೆ ಹೋದರೆ ಕಣ್ಣು ಮಿಟುಕಿಸುವಷ್ಟು ಹೊತ್ತು ದನಿ ನಿಲ್ಲುತ್ತದೆ. ನಮ್ಮ ಕಡೆ ಮದುವೆಯಲ್ಲಿ ಅಕ್ಕಿಕಾಳು ಬೀಳುವಾಗ ವಾದ್ಯ ನಿಂತರೆ ಅಪಶಕುನ. ಅದಕ್ಕೇ ಮುಕುಂದ ಗಿಟಾರು, ಸನಾದಿ, ವಯಲಿನ್ನು ಮೂರನ್ನೂ ಒಂದೇ ಪ್ರಿಸೆಟ್ಟಿಗೆ ತುರುಕಿದ. ಪ್ರೊಸೆಸರ್ ಹೊರಲಾರದೆ ಕರಕರ ಎಂದಿತು. ಲಕ್ಕಲಕಟ್ಟಿಯ ಮದುವೆಯಲ್ಲಿ ಸರಿಯಾಗಿ ಕಾಳು ಬೀಳುವಾಗಲೇ ದನಿ ಕಡಿದು, ಹುಡುಗಿಯ ಸೋದರಮಾವ ಮಹಾಲಿಂಗಪ್ಪನವರ ಕೊರಳಪಟ್ಟಿಗೆ ಕೈ ಹಾಕಿದ.

“ನಾಳಿನ ಸೂಡಿ ಮದವಿಯೊಳಗ ಮತ್ತ ಹಿಂಗಾದ್ರ ನೀ ನಮ್ಮ ಕೂಡ ಬರೂದು ಬ್ಯಾಡ,” ಎಂದರು ಮಾಲೀಕರು. ಗಿಟಾರು ಹೋದರೆ ಮುಕುಂದನಿಗೆ ಉಳಿಯುವುದು ಆ ಹೊಲಿಗೆ ಮಶೀನೊಂದೇ.

ಸೂಡಿಯ ಮಂಟಪದಲ್ಲಿ ಬೆಳಿಗ್ಗೆಯೇ ಡಬ್ಬಿ ಮುಂದಿಟ್ಟುಕೊಂಡು ಕೂತ. ಮೂರು ವಾದ್ಯಕ್ಕೂ ಬೇರೆ ಬೇರೆ ಇದ್ದ ರಿವರ್ಬ್, ಅಂದರೆ ಮಾರ್ದನಿಯ ಎಫೆಕ್ಟು, ತೆಗೆದ. ತಗಡಿನ ಮಂಟಪ ತಾನೇ ಗುಂಯ್‌ಗುಡುತ್ತಿತ್ತು. ವಯಲಿನ್ನಿನ ಜೋಡಿ ದನಿಯಲ್ಲಿ ಒಂದನ್ನು ಕಿತ್ತ. ಲೋಡು ಇಳಿಯಿತು, ಸಾಲಲಿಲ್ಲ. ಉಳಿದ ದೊಡ್ಡ ಭಾರ ಒಂದೇ: ಗಿಟಾರಿಗೆ ತುಂಬು ದನಿ ಕೊಡುವ ಆಂಪ್ ಎಫೆಕ್ಟು. ವರ್ಷಗಟ್ಟಲೆ ತಿದ್ದಿ ತಿದ್ದಿ ಅವನು ಕಂಡುಕೊಂಡ ಸ್ವಂತ ದನಿ ಅದು.

“ಅದನ್ನ ತಗೀಬ್ಯಾಡ,” ಎಂದೆ. “ಸನಾದಿ ತಗಿ.”

“ಸನಾದಿ ತಗದ್ರ ನನ್ನ ಯಾಕ ಇಟಗೋತಾರೋ?”

ಅವನು ಗುಂಡಿ ಒತ್ತಿ ತನ್ನ ಆ ದನಿಯನ್ನೇ ತೆಗೆದುಬಿಟ್ಟ.

ಕಾಳು ಬಿದ್ದವು. ದನಿ ಎಲ್ಲೂ ಕಡಿಯಲಿಲ್ಲ. ಹುಡುಗಿಯ ಅಜ್ಜಿ ನೀಲವ್ವ ಆಯೇರಿ ಎಂದು ಉಡುಗೊರೆ ಕೊಡುವ ಟವೆಲ್ ಹಿಡಿದು ವೇದಿಕೆಗೇ ಬಂದಳು. “ಸನಾದಿ ಊದಿದಾಂವ ಎಲ್ಲಿ ಅದಾನ್ರಿ?”

ಮುಕುಂದ ಕೈ ಎತ್ತಿದ. ಅಜ್ಜಿ ಅವನ ಕೊರಳಲ್ಲಿದ್ದ ಗಿಟಾರು ನೋಡಿ, “ಮುದುಕಿ ಕೂಡ ಚ್ಯಾಷ್ಟಿ ಮಾಡಬ್ಯಾಡೋ ತಮ್ಮಾ,” ಎಂದು ಟವೆಲ್ ಸಮೇತ ಇಳಿದು ಹೋದಳು.

ಊಟ ಮುಗಿಸಿ ಮಧ್ಯಾಹ್ನ ಟೆಂಪೋದಲ್ಲಿ ಹೊರಟೆವು. ಮುಕುಂದ ವೈರು ಸಿಕ್ಕಿಸದ ಗಿಟಾರನ್ನು ತೊಡೆಯ ಮೇಲಿಟ್ಟು ಮೆಲ್ಲಗೆ ಮೀಟುತ್ತಿದ್ದ. ಬರಿ ತಂತಿಯ ಸಣ್ಣ ದನಿ. ಪಕ್ಕದಲ್ಲಿದ್ದ ನನಗಷ್ಟೇ ಕೇಳುತ್ತದೆ ಎಂದುಕೊಂಡಿದ್ದೆ.

“ಏನೋ ಅದು ಕಿರಿಕಿರಿ? ಬಂದ್ ಮಾಡು,” ಮುಂದಿನ ಸೀಟಿನಿಂದ ಮಹಾಲಿಂಗಪ್ಪನವರು ತಿರುಗಿದರು. ಅವರಿಗೆ ಖುಷಿಯಾಗಿತ್ತು. “ಲೋಡ್ ಇಳದೈತಂತಲ್ಲ? ಅಂದ್ರ ಡಬ್ಬಿಯೊಳಗ ಜಾಗಾ ಆತು. ನಾಳಿಂದ ಹಾರ್ಮೋನಿಯಮ್ಮೂ ಅದರಾಗ ಹಾಕಿಬಿಡು.”

ಬಡವನ ಸಿಟ್ಟು ದವಡೆಗೆ ಮೂಲ. ನಾನು ಹಲ್ಲು ಕಚ್ಚಿ ಮುಕುಂದನ ಮುಖ ನೋಡಿದೆ. ಈ ಸಲವಾದರೂ ಒಲ್ಲೆ ಎನ್ನಲಿ ಎಂದು ನೋಡಿದೆ.

“ಆತ್ರಿ,” ಎಂದು ಅವನು ತಂತಿಗಳ ಮೇಲೆ ಅಂಗೈ ಇಟ್ಟ.