ಬೆಲೆ ಕಟ್ಟಲಾಗದ ಕತ್ತಿ

ಹಳೆಯ ಸಾಮಾನುಗಳಿಗೆ ಬೆಲೆ ಕಟ್ಟುವುದೇ ಅವರ ಕಸುಬು. ಬೀದಿಯವರು ಇಟ್ಟ ಹೆಸರು ಭೂತಗನ್ನಡಿ. ಮೂವತ್ತು ವರ್ಷದಿಂದ ಒಂದೇ ಅಂಗಡಿ, ಒಂದೇ ಮೇಜು, ಒಂದೇ ನಿಯಮ: ಬೆಲೆ ಕಟ್ಟಿದವನು ಆ ವಸ್ತುವನ್ನು ತಾನೇ ಕೊಳ್ಳುವಂತಿಲ್ಲ. ಮಾವ ಕೊಟ್ಟ ಬೆಳ್ಳಿ ಲೋಟ ಬರೀ ಲೇಪದ್ದೆಂದು ಮದುವೆಯ ದಿನವೇ ಹೇಳಿ, ಮಾವನ ಮುಖದ ಲೇಪವನ್ನೂ ಇಳಿಸಿದ ಮನುಷ್ಯ.

ಒಂದು ಬೆಳಿಗ್ಗೆ ಹೆಂಡತಿಯ ತಮ್ಮ ಬೆಡ್‌ಶೀಟಿನಲ್ಲಿ ಸುತ್ತಿದ ಉದ್ದನೆಯ ವಸ್ತುವನ್ನು ತಂದು ಮೇಜಿನ ಮೇಲಿಟ್ಟ.

"ತಾತನ ಕತ್ತಿ, ಭಾವ. ನನ್ನ ಪಾಲಿಗೆ ಬಂತು. ಬಚ್ಚಲುಮನೆ ಗೋಡೆ ಬೀಳೋ ಹಾಗಿದೆ, ಇದನ್ನ ಮಾರಿ ಅದನ್ನ ನಿಲ್ಲಿಸೋಣ ಅಂತ. ಒಂದು ಬೆಲೆ ಹೇಳಿ."

ಹಿಂದೆಯೇ ಹೆಂಡತಿ ಬಂದು ನಿಂತಳು. ಕುದುರೆ ದಂಡಿನಲ್ಲಿದ್ದ ತಾತನ ಪಕ್ಕ ಕೂತು ಏಳನೆಯ ವಯಸ್ಸಿನಿಂದ ಆ ಕತ್ತಿಗೆ ಎಣ್ಣೆ ಹಚ್ಚಿದವಳು ಅವಳು. ತಮ್ಮ ಎಣ್ಣೆ ಹಚ್ಚಿದ್ದು ತನ್ನ ತಲೆಗೆ ಮಾತ್ರ.

"ಇದು ಹೊರಗೆ ಹೋಗಬಾರದು. ನಾವೇ ತಗೊಳ್ಳೋಣ," ಎಂದಳು.

"ತಗೋ ಅಕ್ಕ, ಬೇಡ ಅಂದೋರ್ಯಾರು? ಬೆಲೆ ಮಾತ್ರ ಪೂರ್ತಿ ಕೊಡು."

ಅಷ್ಟರಲ್ಲಿ ಭೂತಗನ್ನಡಿ ಸುತ್ತಿದ್ದನ್ನು ಬಿಚ್ಚಿಯಾಗಿತ್ತು, ಕಣ್ಣು ಕೇಳಬೇಕಲ್ಲ. ಕುದುರೆಯ ಮೇಲಿಂದ ನೆಲದವನನ್ನು ಮುಟ್ಟುವಷ್ಟು ಉದ್ದದ ಅಲಗು, ತುಸು ಬಾಗು, ಬೆರಳು ಕಾಯಲು ಹಿಡಿಗೆ ಕಬ್ಬಿಣದ ಬಟ್ಟಲು. ಅಂಚಿಗೆ ಸಾಣೆ ಹಿಡಿದ ಗುರುತು: ಮೆರವಣಿಗೆಯ ಕತ್ತಿಯಲ್ಲ, ಕೆಲಸ ಮಾಡಿದ ಕತ್ತಿ. ಹಿಡಿಯ ಮೇಲೆ ದಂಡಿನ ಮುದ್ರೆ, ಕೆಳಗೆ ನೂರ ಹದಿನೇಳು. ಒರೆಯನ್ನು ತಿರುಗಿಸಿದರು. ಅದೇ ದಂಡಿನ ಮುದ್ರೆ, ಕೆಳಗೆ ಮುನ್ನೂರ ನಲವತ್ತೆರಡು. ಇನ್ನೊಬ್ಬ ಸವಾರನ ಒರೆ. ಜೋಡಿ ತಪ್ಪಿದ ಕತ್ತಿಗೆ ಅರ್ಧ ಬೆಲೆ.

ಬಾಯಿ ತೆರೆದರು. ನಿಯಮ ನೆನಪಾಯಿತು. ಮುಚ್ಚಿದರು. ಮನಸ್ಸಿನಲ್ಲಿ ಕಟ್ಟಿದ್ದು ಲೆಕ್ಕಕ್ಕಿಲ್ಲವೆಂದು ಸಮಾಧಾನ ಮಾಡಿಕೊಂಡರು.

"ನಾನು ಬೆಲೆ ಹೇಳಿದ್ರೆ ಕೊಳ್ಳೋ ಹಾಗಿಲ್ಲ. ಎದುರಂಗಡಿಯವರು ಹೇಳ್ಲಿ."

"ಅವರಿಗೆ ಕತ್ತಿಗೂ ಕುಡುಗೋಲಿಗೂ ವ್ಯತ್ಯಾಸ ಗೊತ್ತಿಲ್ಲ ಅಂತಿದ್ರಿ?" ಎಂದಳು ಹೆಂಡತಿ.

"ಈಗ್ಲೂ ಅಂತೀನಿ. ನಡಿ."

ಎದುರಂಗಡಿಯವರೂ ಇದೇ ಕಸುಬಿನವರು. ಇಬ್ಬರಿಗೂ ಹತ್ತು ವರ್ಷದಿಂದ ಮಾತಿಲ್ಲ. ಇಷ್ಟು ದಿನ ಬರೀ ಮಸೆಯುತ್ತಿದ್ದರು, ಕತ್ತಿ ಬಂದದ್ದು ಇದೇ ಮೊದಲು. ಅವರು ಕನ್ನಡಕ ಒರೆಸಿ, ಅಲಗನ್ನು ಎಳೆದು, ಮತ್ತೆ ಸೇರಿಸಿ, ಅದು ಸರಾಗವಾಗಿ ಕೂತದ್ದಕ್ಕೆ ತಲೆದೂಗಿದರು. ಒರೆಗೆ ಹಚ್ಚಿ ನೋಡಬೇಕಾದವರು ಒರೆಯನ್ನೇ ನೋಡಲಿಲ್ಲ.

"ಹುಟ್ಟಿದಾಗಿನ ಜೋಡಿ. ಇಂಥದ್ದು ಸಿಗೋದು ಕಷ್ಟ. ನೀವೇನಂತೀರಿ?"

ಸಂಖ್ಯೆ ತೋರಿಸಿದರೆ ಬೆಲೆ ಕಟ್ಟಿದಂತೆ. ಬೆಲೆ ಕಟ್ಟಿದರೆ ಕತ್ತಿ ಹೊರಗಿನವರ ಪಾಲು.

"ನಾನು ಗಿರಾಕಿ," ಎಂದರು ಭೂತಗನ್ನಡಿ.

ಎದುರಂಗಡಿಯವರು ಹೇಳಿದ್ದು, ಭೂತಗನ್ನಡಿ ಮನಸ್ಸಿನಲ್ಲಿ ಕಟ್ಟಿದ್ದರ ಸರಿಯಾಗಿ ಎರಡರಷ್ಟು. ಭೂತಗನ್ನಡಿ ಕೊಟ್ಟರು. ಮೈದುನ ಗಾರೆಯವನನ್ನು ಹುಡುಕಿಕೊಂಡು ಹೊರಟ.

ಮನೆಗೆ ಬಂದು ಹಜಾರದ ಗೋಡೆಗೆ ಮೊಳೆ ಹೊಡೆಯುವವರೆಗೆ ಅವರು ತಡೆದುಕೊಂಡರು.

"ಆ ಒರೆ ಇದರದ್ದಲ್ಲ ಕಣೇ. ಬೇರೆ ಯಾರದೋ."

"ಗೊತ್ತು," ಎಂದಳು ಹೆಂಡತಿ. "ಹೊಳೆ ದಾಟುವಾಗ ತಾತನ ಒರೆ ನೀರಲ್ಲಿ ಹೋಯ್ತಂತೆ. ಪಕ್ಕದ ಸವಾರ ತನ್ನದನ್ನ ತೆಗೆದುಕೊಟ್ಟ. ನಾಳೆ ವಾಪಸ್ ಕೊಡು ಅಂದಿದ್ನಂತೆ. ಮಾರನೇ ದಿನ ಅವನಿಗೆ ಅದು ಬೇಕಾಗ್ಲಿಲ್ಲ."

ಭೂತಗನ್ನಡಿ ಸುತ್ತಿಗೆಯನ್ನು ಕೆಳಗಿಳಿಸಿದರು.

"ಅಂಗಡೀಲಿ ಯಾಕೆ ಹೇಳ್ಲಿಲ್ಲ?"

"ಹೇಳಿ ಏನ್ಮಾಡೋದಿತ್ತು? ಬೆಲೆ ಇಳಿಸೋಕಾ?"

ಅವರು ಇನ್ನೊಂದು ಮೊಳೆ ತೆಗೆದುಕೊಂಡರು. ಒಂದೇ ಮೊಳೆ ತಡೆಯುವ ಭಾರವಲ್ಲ ಅದು.