ಪಿನ್ ಹೊಡೆದ ಸಂಜೆ ಪತ್ರಿಕೆ

ಕಾಫಿ ಲೋಟ ಕೆಳಗಿಡುವ ಹೊತ್ತಿಗೆ ಸರಿಯಾಗಿ ಮರ್ಫಿ ಟೌನಿನ ನಮ್ಮ ವಠಾರಕ್ಕೆ ಸಂಜೆ ಪತ್ರಿಕೆ ಬರುತ್ತದೆ, ಮಕ್ಕಳೇ. ಬೆರಳುದ್ದದ ಸುದ್ದಿಗೂ ಮೊಳದುದ್ದದ ತಲೆಬರಹ ಕೊಡುವ ಪುಟ್ಟ ಪತ್ರಿಕೆ. ಅದರ ಹಾಳೆಗಳು ಬಿಡಿಬಿಡಿಯಾಗಿ ಇರುತ್ತಿದ್ದುದರಿಂದ ಒಂದೇ ಪತ್ರಿಕೆಯನ್ನು ನಾಲ್ಕು ಮನೆಯವರು ಹಂಚಿಕೊಂಡು, ಜಗಲಿಯಲ್ಲಿ ಸಾಲಾಗಿ ಕೂತು, ಓದಿದ ಹಾಳೆಯನ್ನು ಪಕ್ಕದವರಿಗೆ ದಾಟಿಸುತ್ತಿದ್ದೆವು. ನಿಮ್ಮ ತಾತ ಹೋದ ಮೇಲೆ, ಬಾಯಿ ಬಿಡಲು ಸಂಕೋಚಪಡುವ ನನಗೆ ಜನರ ನಡುವೆ ಕೂರಲು ಉಳಿದಿದ್ದ ನೆಪ ಅದೊಂದೇ.

ಆ ಪತ್ರಿಕೆಯ ವಂಶಾವಳಿ ತಾತನಿಗೆ ಬಾಯಿಪಾಠ. ಶಿವಾಜಿನಗರದ ಗಲ್ಲಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದವರೊಬ್ಬರು ಅದನ್ನು ಶುರು ಮಾಡಿದರಂತೆ. ಅವರು ತೀರಿಕೊಂಡಾಗ ದೊಡ್ಡ ಮಗನ ಪಾಲಿಗೆ ಯಂತ್ರ, ಚಿಕ್ಕವನ ಪಾಲಿಗೆ ಪತ್ರಿಕೆಯ ಹೆಸರು! ಹೆಸರಿದ್ದವನಿಗೆ ಅಚ್ಚಿಲ್ಲ, ಅಚ್ಚಿದ್ದವನಿಗೆ ಹೆಸರಿಲ್ಲ. ಕೊನೆಗೆ ಇಬ್ಬರೂ ಸೋತು, ಸೈಟು ಮಾರುವವರೊಬ್ಬರಿಗೆ ಎರಡನ್ನೂ ಕೊಟ್ಟರು. ಆ ಹೊಸ ಮಾಲೀಕರು ಈ ವರ್ಷ ಪತ್ರಿಕೆಯ ನಡುವೆ ಎರಡು ಪಿನ್ ಹೊಡೆಸಿಬಿಟ್ಟರು.

ಪಿನ್ ಕಿತ್ತರೆ ಹಾಳೆ ಹರಿಯುತ್ತಿತ್ತು. ಪತ್ರಿಕೆ ಇಡಿಯಾಗಿ ಮನೆಯಿಂದ ಮನೆಗೆ ಹೋಗತೊಡಗಿತು; ಜಗಲಿ ಖಾಲಿಯಾಯಿತು.

ಬ್ಯಾಂಕಿಗೂ ಒಬ್ಬಳೇ ಹೋಗದ ನಾನು ಒಂದು ದಿನ ಬಸ್ಸು ಹತ್ತಿ ಅವರ ಆಫೀಸಿಗೇ ಹೋದೆ. ಮಾಲೀಕರು ಕುರ್ಚಿ ಕೊಟ್ಟು, ಟೀ ತರಿಸಿ, ನನ್ನ ಅಹವಾಲು ಕೇಳಿ ನಕ್ಕರು.

"ಅಮ್ಮಾ, ಒಂದು ಪೇಪರ್‌ನ ನಾಲ್ಕು ಮನೆಯವರು ಹಂಚ್ಕೊಂಡ್ರೆ ನಾನು ಹೆಂಗೆ ನಡೆಸ್ಲಿ? ಪಿನ್ನು ಹೊಡೆಸಿದ್ದೇ ಅದಕ್ಕೆ."

ಪತ್ರಿಕೆ ಅವರದು, ಪಿನ್ನೂ ಅವರದು. ಓದುವ ಬಾಯಿ ಯಾರದು ಎಂದು ಬಸ್ಸಿನಲ್ಲಿ ಹಲಸೂರು ದಾಟುವಾಗ ಥಟ್ಟನೆ ಹೊಳೆಯಿತು.

ಪತ್ರಿಕೆ ಮೊದಲು ಬೀಳುವುದು ನಮ್ಮ ಬಾಗಿಲಿಗೆ. ಆ ಸಂಜೆ ಅದನ್ನು ಒಳಗೆ ಒಯ್ಯದೆ ಜಗಲಿಯಲ್ಲಿ ಕೂತು, ಹಳ್ಳಿ ಶಾಲೆಯಲ್ಲಿ ಪಾಠ ಒಪ್ಪಿಸುತ್ತಿದ್ದ ಹಾಗೆ ಕಳ್ಳನೊಬ್ಬ ಸಿಕ್ಕಿಬಿದ್ದ ಸುದ್ದಿಯಿಂದ ಶುರು ಮಾಡಿ ಗಟ್ಟಿಯಾಗಿ ಓದತೊಡಗಿದೆ. ಬಾಗಿಲುಗಳು ಒಂದೊಂದಾಗಿ ತೆರೆದವು. ಹಿಂದೆಲ್ಲ ತನ್ನ ಪಾಲಿನ ಹಾಳೆಯನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ಹಿಡಿದಿರುತ್ತಿದ್ದ ಎದುರುಮನೆಯ ಸೆಲ್ವಿ ಬಂದು ಪಕ್ಕದಲ್ಲಿ ಕೂತಳು. ಅವಳ ಮನೆಮಾತು ತಮಿಳು. ಕನ್ನಡವನ್ನು ನಮ್ಮಷ್ಟೇ ಸಲೀಸಾಗಿ ಆಡುತ್ತಾಳೆ. ನಾನು ಮುಗಿಸಿದಾಗ ಮೆಲ್ಲಗೆ ಹೇಳಿದಳು:

"ನಂಗೆ ಕನ್ನಡ ಓದಕ್ಕೆ ಬರಲ್ಲಮ್ಮ. ಇಷ್ಟು ವರ್ಷ ಬರೀ ಫೋಟೋ ನೋಡ್ತಿದ್ದೆ. ಆ ಕಳ್ಳನ ಕಥೆ ಇನ್ನೊಂದ್ಸಲ ಓದಿ."

ಮತ್ತೆ ಓದಿದೆ, ಆಚೆ ಬೀದಿಗೂ ಕೇಳುವ ಹಾಗೆ.