ಮಲಪ್ರಭೆಗೆ ಆಗಬೇಕಾಗಿದ್ದ ಪೂಲು

ಇಳಕಲ್ಲಿನಲ್ಲಿದ್ದ ನನ್ನ ಅಕ್ಕ ಗಂಡ ತೀರಿದ ಮೇಲೆ ಸೀರೆ ನೇಯ್ದು ಒಬ್ಬಳೇ ಮಗಳನ್ನು ಬೆಳೆಸಿದಳು. ಆ ಹುಡುಗಿಗೆ ಶಿರೂರಿನಿಂದ ಸಂಬಂಧ ಬಂತು. ಮನೆತನ ಒಳ್ಳೆಯದು, ಹುಡುಗ ಒಳ್ಳೆಯವನು. ಆದರೂ ಅಕ್ಕ ಬೇಡವೆಂದಳು. ನಡುವೆ ಸೇತುವೆಯಿಲ್ಲದ ಮಲಪ್ರಭೆ ಇದೆ ಎಂಬುದೊಂದೇ ಅವಳ ಕಾರಣ. ಬೇಸಗೆಯಲ್ಲಿ ಚಕ್ಕಡಿ ಹೊಳೆ ದಾಟುತ್ತದೆ. ಮಳೆಗಾಲದಲ್ಲಿ ಹರಿಗೋಲೇ ಗತಿ, ಹೊಳೆ ಏರಿದರೆ ಅದೂ ಇಲ್ಲ. ಶ್ರಾವಣದ ಪಂಚಮಿಗೆ ಊರ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಾಗ ತನ್ನ ಮಗಳು ಆಚೆ ದಂಡೆಯಲ್ಲಿರುತ್ತಾಳೆ ಎಂದಳು. ಹಿರಿಯರು ಅವಳಿಗೆ ಬುದ್ಧಿ ಹೇಳಿದರು. ನಾನು ಮುಂಬಯಿಯಿಂದ ಕಾಗದ ಬರೆದೆ: ಹೊಳೆಗೆ ಪೂಲು ಕಟ್ಟುವುದು ಸರ್ಕಾರದ ಪುಸ್ತಕದಲ್ಲಿ ಅಚ್ಚಾಗಿದೆ, ಧೈರ್ಯದಿಂದ ಕೊಡು. ಅದನ್ನು ಓದಿಸಿ ಕೇಳಿದ ಮೇಲೆ ಅಕ್ಕ ಒಪ್ಪಿ, ವೀಳ್ಯ ಕೊಟ್ಟು ಮದುವೆ ಗೊತ್ತುಮಾಡಿದಳು.

ಆ ದಿನಗಳಲ್ಲಿ ನಮ್ಮ ಸೀಮೆ ಮುಂಬಯಿ ಇಲಾಖೆಯಲ್ಲಿತ್ತು. ನಾನು ನಮ್ಮ ಕಡೆಯಿಂದ ಅಲ್ಲಿಯ ಕಾಯದೇ ಕೌನ್ಸಿಲಿಗೆ, ಅಂದರೆ ಶಾಸನಸಭೆಗೆ, ಆರಿಸಿ ಬಂದಿದ್ದ ಬಾಗಲಕೋಟೆಯ ಒಬ್ಬ ವಕೀಲರಿಗೆ ಕಾರಕೂನನಾಗಿದ್ದೆ. ಬಜೆಟ್ಟಿನ ಕಾಲಕ್ಕೆ ಅವರೊಡನೆ ಮುಂಬಯಿಗೆ ಹೋಗಿ ಚಾಳಿನ ಒಂದು ಕೋಣೆಯಲ್ಲಿ ಇರುತ್ತಿದ್ದೆ. ವಕೀಲರು ತಮ್ಮ ಗೆಳೆಯರ ಬಂಗಲೆಯಲ್ಲಿ ಇಳಿಯುತ್ತಿದ್ದರು. ಸಂಜೆ ಅವರು ಹೊರಟುಹೋದರೆ ಮರುದಿನ ಬೆಳಗಿನವರೆಗೆ ನನಗೆ ಕನ್ನಡದ ಒಂದು ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಒಮ್ಮೊಮ್ಮೆ ರೊಟ್ಟಿ ಮುರಿಯುತ್ತ ಊರುಗಳ ಹೆಸರನ್ನು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ: ಬಾದಾಮಿ, ಗುಳೇದಗುಡ್ಡ, ಅಮೀನಗಡ, ಹುನಗುಂದ.

ಸಾಲ ತೆಗೆದು ಕಟ್ಟುವ ದೊಡ್ಡ ಕೆಲಸಗಳಿಗೆ ಬಜೆಟ್ಟಿನಲ್ಲಿ ಬೇರೆಯೇ ಪಟ್ಟಿ ಇರುತ್ತಿತ್ತು. ನಮ್ಮ ಪೂಲು ಅದರಲ್ಲಿತ್ತು. ಆದರೆ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕೆಲಸ ಶುರುವಾಗುತ್ತದೆಂದಲ್ಲ. ಮಳೆಗಾಲ ಕಳೆದೊಡನೆ ಶುರುಮಾಡುತ್ತೇವೆ ಎಂದು ಮಂತ್ರಿಗಳ ಬಾಯಿಂದ ಸಭೆಯಲ್ಲೇ ಹೇಳಿಸಬೇಕೆಂದು ವಕೀಲರ ಇಚ್ಛೆ.

ಅಲ್ಲಿಯ ಪದ್ಧತಿ ಹೀಗಿತ್ತು. ಸದಸ್ಯನು ಯಾವ ಬಾಬಿಗೂ ಹಣ ಹೆಚ್ಚಿಸಿರಿ ಎನ್ನುವಂತಿಲ್ಲ, ಕಡಿಮೆ ಮಾಡಿರಿ ಎನ್ನಬಹುದು. ಆದ್ದರಿಂದ ತನಗೆ ಬೇಕಾದ ಕೆಲಸದ ಬಗ್ಗೆ ಮಾತಾಡಬೇಕಾದವನು ಅದರಲ್ಲೇ ಒಂದು ರೂಪಾಯಿ ಕಡಿಯಿರಿ ಎಂದು ಸೂಚನೆ ಕೊಡುತ್ತಿದ್ದ. ಎದ್ದು ಮಾತಾಡಿ, ಮಂತ್ರಿಗಳ ಉತ್ತರ ಕೇಳಿ, ಸೂಚನೆಯನ್ನು ಹಿಂದಕ್ಕೆ ಪಡೆಯುತ್ತಿದ್ದ. ದೊಡ್ಡ ಕಡಿತಗಳನ್ನು ಮೊದಲು ಕರೆಯುತ್ತಿದ್ದರು, ಸಣ್ಣವು ಕೊನೆಗೆ. ಕಡೆಯ ದಿನ ಸಂಜೆ ಐದಾದರೆ ಚರ್ಚೆ ಮುಗಿಯಿತು. ಉಳಿದದ್ದೆಲ್ಲ ಮಾತಿಲ್ಲದೆ ಮತಕ್ಕೆ ಹೋಗುತ್ತಿತ್ತು.

ಹಿಂದಿನ ವರ್ಷ ವಕೀಲರ ಒಂದು ರೂಪಾಯಿಯ ಸೂಚನೆ ಹಾಗೆಯೇ ಉಳಿದುಹೋಗಿತ್ತು. ಅದು ನನ್ನ ಮನಸ್ಸಿನಲ್ಲಿತ್ತು. ಈ ಸಲ ಪೂಲಿನ ಬಾಬನ್ನೇ ಪೂರಾ ತೆಗೆದುಹಾಕಬೇಕು ಎಂದು ಬರೆದುಕೊಟ್ಟರೆ ಮೊದಲು ಕರೆಯುತ್ತಾರೆ ಎಂದು ಅವರಿಗೆ ಹೇಳಿದವನು ನಾನೇ.

ವಕೀಲರು ನಕ್ಕರು. "ಲೇ, ಹೆಣ್ಣು ಕೇಳಾಕ ಬಂದು ಹೆಣ್ಣ ಬ್ಯಾಡ ಅಂತ ಒದರಾಕ ಹಚ್ಚೀಯಲ್ಲೋ ನನ್ನ."

"ಆಮ್ಯಾಲ ಹಿಂದಕ್ಕ ತಗೊಂಡ್ರಾತ್ರಿ," ಎಂದೆ.

ಸೂಚನೆಯನ್ನು ನಾನೇ ಬರೆದೆ. ಅವರು ಸಹಿ ಹಾಕಿದರು.

ಕಡೆಯ ದಿನ ನಾನು ಮೇಲೆ, ಪ್ರೇಕ್ಷಕರ ಬೆಂಚಿನಲ್ಲಿ ಕೂತಿದ್ದೆ. ಮಧ್ಯಾಹ್ನವೇ ವಕೀಲರನ್ನು ಕರೆದರು. ಹೊಳೆ ಏರಿದಾಗ ದಂಡೆಯಲ್ಲಿ ಚಕ್ಕಡಿಗಳು ನಿಲ್ಲುವುದನ್ನು, ರೋಗಿಗಳು ಕಾಯುವುದನ್ನು ಅವರು ಸಾವಕಾಶವಾಗಿ ಹೇಳಿದರು. ಮಂತ್ರಿಗಳು ಎದ್ದು, ಮಳೆಗಾಲ ಮುಗಿದ ಮೇಲೆ ಕೆಲಸಕ್ಕೆ ಕೈಹಚ್ಚುವೆವು ಎಂದರು. ನಾನು ಬಯಸಿದ್ದು ಅದೇ ಮಾತು, ಅಕ್ಷರಶಃ ಅದೇ. ಅಲ್ಲಿಗೆ ಎಲ್ಲ ಮುಗಿಯಿತೆಂದು ಕಾಗದಗಳನ್ನು ಮಡಿಚಿದೆ.

ವಕೀಲರು ಸೂಚನೆಯನ್ನು ಹಿಂದಕ್ಕೆ ಪಡೆಯಲು ಸಭೆಯ ಅಪ್ಪಣೆ ಕೇಳಿದರು. ಅಪ್ಪಣೆಗೆ ಎಲ್ಲರೂ ಒಪ್ಪಬೇಕು. ಎದುರು ಬೆಂಚಿನಿಂದ ಒಬ್ಬರು, ಕೂತಲ್ಲಿಂದಲೇ, ಇಲ್ಲ ಎಂದರು. ಅವರಿಗೆ ನಮ್ಮ ಹೊಳೆಯ ಮೇಲೆ ಸಿಟ್ಟಿರಲಿಲ್ಲ. ಸಾಲ ತೆಗೆದು ಹೊಸ ಕೆಲಸ ಹಚ್ಚುವುದೇ ಅವರ ಪಕ್ಷಕ್ಕೆ ಬೇಡವಾಗಿತ್ತು. ಅಧ್ಯಕ್ಷರು ಸೂಚನೆಯನ್ನು ಮತಕ್ಕೆ ಹಾಕಿದರು. ಸದಸ್ಯರು ಎದ್ದು, ಪರವಾದವರಿಗೊಂದು ವಿರೋಧಿಗಳಿಗೊಂದು ಎಂದಿದ್ದ ಎರಡು ಬಾಗಿಲುಗಳ ಕಡೆಗೆ ನಡೆದರು. ವಕೀಲರು ತಮ್ಮ ಸೂಚನೆಯ ವಿರುದ್ಧವೇ ಮತ ಕೊಡಲು ಹೋದರು. ಅವರನ್ನು ನೋಡಿ ಕೆಲವರು ನಕ್ಕದ್ದು ಮೇಲಿನವರೆಗೆ ಕೇಳಿಸಿತು. ಆ ಹೊತ್ತಿಗೆ ಸಭೆಯಲ್ಲಿ ಎದುರು ಬೆಂಚಿನ ಕಡೆಯವರೇ ಹೆಚ್ಚಿದ್ದರು. ಎಣಿಕೆಯಲ್ಲಿ ನಮ್ಮ ಸೂಚನೆ ಗೆದ್ದಿತು. ಪೂಲು ಪಟ್ಟಿಯಿಂದ ಹೋಯಿತು. ಅಧ್ಯಕ್ಷರು ಮುಂದಿನ ಬಾಬಿನ ಹೆಸರು ಓದಿದರು.

ಪಕ್ಕದಲ್ಲಿದ್ದವರು ಮರಾಠಿಯಲ್ಲಿ ಏನೋ ಕೇಳಿದರು. ನಾನು ಕಾಗದಗಳನ್ನು ಎತ್ತಿಕೊಂಡು ಮೆಟ್ಟಿಲಿಳಿದೆ. ವಕೀಲರು ಆ ದಿನ ನನ್ನನ್ನು ಏನೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ. ಬಾಗಲಕೋಟೆಯ ಪೇಟೆಯಲ್ಲಿ, ವಕೀಲರು ಕಟ್ಟುವುದಕ್ಕಿಂತ ಮೊದಲೇ ಪೂಲು ಕೆಡವಿದರು ಎಂದು ಆಡಿಕೊಳ್ಳುತ್ತಿದ್ದರು. ಅದು ಕಾರಕೂನನ ಉಪಾಯವಾಗಿತ್ತು ಎಂದು ವಕೀಲರು ಯಾರಿಗೂ ಹೇಳಲಿಲ್ಲ.

ನಾನು ಚಕ್ಕಡಿಯಲ್ಲಿ ಊರಿಗೆ ಹೋದೆ. ಹೊಳೆಯಲ್ಲಿ ಎತ್ತಿನ ಮೊಣಕಾಲಿಗೂ ನೀರಿರಲಿಲ್ಲ. ಹೊಡೆಯುವವನು ಹಾಡುತ್ತಲೇ ದಾಟಿಸಿದ.

ಅಕ್ಕ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ನಾನು ನೆಲದ ಮೇಲೆ ಕೂತು, ಸೂಚನೆ ಬರೆದದ್ದರಿಂದ ಮತ ಎಣಿಸಿದ್ದರವರೆಗೆ ಒಂದೂ ಬಿಡದೆ ಹೇಳಿದೆ. ಉಪಾಯ ನನ್ನದೇ ಎಂಬುದನ್ನೂ ಹೇಳಿದೆ. ಅವಳು ಮಗ್ಗ ನಿಲ್ಲಿಸಿ ಕೇಳಿದಳು. ವೀಳ್ಯ ತಿರುಗಿಸಿ ಕೊಡುವುದಾದರೆ ನಾನೇ ಶಿರೂರಿಗೆ ಹೋಗಿ ಕಾಲು ಹಿಡಿಯುತ್ತೇನೆ ಎಂದೆ. ಬೇಡವೆಂದು ಕೈಯಾಡಿಸಿದಳು. ಹುಡುಗಿಯ ಮನಸ್ಸು ಅಲ್ಲಿ ಕೂತಿದೆ, ಕೊಟ್ಟ ಮಾತು ಕೊಟ್ಟದ್ದೇ ಎಂದಳು. ತುಂಡಾದ ಒಂದು ಎಳೆಯನ್ನು ಗಂಟುಹಾಕುತ್ತ ಕೇಳಿದಳು.

"ಅಷ್ಟು ಮಂದ್ಯಾಗ ಒಬ್ಬಾಂವ ಬ್ಯಾಡ ಅಂದ್ರ ಸಾಕೇನೋ?"

"ಹಿಂದಕ್ಕ ತಗೋಳೂದನ್ನ ನಿಲ್ಲಸಾಕ ಒಬ್ಬಾಂವ ಸಾಕು ಅಕ್ಕ."

"ನಾನೂ ಒಬ್ಬಾಕಿ ಬ್ಯಾಡ ಅಂದಿದ್ನಲ್ಲೋ, ತಮ್ಮಾ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನು ನಾನು ಗಮನಿಸಿ ಕೇಳಿದ್ದೇನೆ. ಮತ್ತೆ ಲಾಳಿ ಒಗೆಯತೊಡಗಿದಳು. ನಾನು ಅಲ್ಲೇ ಕೂತೆ. ಅವಳು ಹೋಗು ಎನ್ನಲಿಲ್ಲ, ಏಳು ಉಣ್ಣು ಎಂದೂ ಅನ್ನಲಿಲ್ಲ. ಚಾಳಿನ ಕೋಣೆಯಲ್ಲಿ ಎಷ್ಟೋ ದಿನ ಮಾತಿಲ್ಲದೆ ಕಳೆದವನು ನಾನು. ನನ್ನದೇ ಭಾಷೆಯ ಆ ಮನೆಯಲ್ಲಿ ಅವಳಿಗೆ ಹೇಳಲು ಒಂದು ಮಾತೂ ಹೊಳೆಯಲಿಲ್ಲ.